ಕೂಗದ ಅಲಾರಂಗಳು

ಭದ್ರಾವತಿಯ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿದೆ. ಒಳ್ಳೆಯ ಟೀಚರ್ ಎಂದು ಊರಿನವರು ಹೇಳುತ್ತಾರೆ, ನಾನೂ ಬೇಡವೆನ್ನುವುದಿಲ್ಲ. ಆದರೆ ಹಾಗೆ ಯಾರಾದರೂ ಹೊಗಳಿದಾಗಲೆಲ್ಲ ಶಿವಮೊಗ್ಗದ ಒಂದು ಅಂಗಡಿ ನೆನಪಾಗಿ ಒಳಗೊಳಗೇ ನಾಚಿಕೆಯಾಗುತ್ತದೆ. ಆ ಅಂಗಡಿಯವರಿಗೆ ನಾನು ಅನ್ಯಾಯ ಮಾಡಿದೆ. ಮಾಡಿದ್ದು ಅನ್ಯಾಯವೆಂದು ಗೊತ್ತಾದ ಮೇಲೂ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿತ್ತು ಅದು. ರೇಡಿಯೊ, ಟಿ.ವಿ. ರಿಪೇರಿಯವರಿಗೆ ಬಿಡಿಭಾಗ ಮಾರುವ ಅಂಗಡಿ. ಮಾಲೀಕರು ವಯಸ್ಸಾದ ಮುಸಲ್ಮಾನರು, ನಾವೆಲ್ಲ ಅವರನ್ನು ಸಾಹೇಬ್ರು ಎನ್ನುತ್ತಿದ್ದೆವು. ರಿಪೇರಿಯವರ ವ್ಯಾಪಾರ ಅವರ ಹೊಟ್ಟೆಪಾಡು, ಕಿಟ್ ಮಾತ್ರ ಅವರ ಖುಷಿ. ಕಿಟ್ ಎಂದರೆ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಅಂಗೈಯಗಲದ ಬೋರ್ಡು, ಬೇಕಾದ ಬಿಡಿಭಾಗಗಳು, ಜೋಡಿಸುವ ಕ್ರಮ ಬರೆದ ಒಂದು ಹಾಳೆ. ಮನೆಗೆ ಒಯ್ದು ಬೆಸುಗೆ ಹಾಕಿದರೆ ಕಾಲಿಂಗ್ ಬೆಲ್ಲೋ, ಓಡುವ ದೀಪವೋ, ಎಫ್‌ಎಂ ರೇಡಿಯೊವೋ ಆಗುತ್ತಿತ್ತು. ಸಾಹೇಬ್ರು ಒಂದೊಂದು ಭಾಗವನ್ನೂ ಮೀಟರಿಗೆ ಹಿಡಿದು ನೋಡಿಯೇ ಕವರಿಗೆ ಹಾಕುತ್ತಿದ್ದರು. ಆಮೇಲೆ ಕವರಿನ ಬಾಯನ್ನು ಮೇಣದಬತ್ತಿಯ ಉರಿಗೆ ತಾಗಿಸಿ ಅಂಟಿಸುತ್ತಿದ್ದರು. ಹಾಳೆಯನ್ನೂ ಅವರೇ ಬರೆಯುತ್ತಿದ್ದರು, ಗಿರಾಕಿಯ ಜೊತೆ ಮಾತಾಡುವ ಹಾಗೆಯೇ. ಕಾವು ಜಾಸ್ತಿ ಕೊಡಬೇಡಿ ಪಾಪ ಸುಟ್ಟುಹೋಗ್ತದೆ, ಬ್ಯಾಟರಿ ಹಾಕೋ ಮುಂಚೆ ಒಂದು ಲೋಟ ಚಾ ಕುಡಿದು ಮತ್ತೊಂದ್ಸಲ ನೋಡಿ, ಹೀಗೆಲ್ಲ.

ನಾನು ಹೇಳುತ್ತಿರುವ ಹೊತ್ತಿಗೆ ಕಿಟ್ ಕೊಳ್ಳುವವರು ಕಡಿಮೆಯಾಗಿದ್ದರು. ಕಿಟ್ ಇಡುತ್ತಿದ್ದ ಬೇರೆ ಅಂಗಡಿಗಳು ಮೊಬೈಲ್ ಕವರಿಗೂ ಚಾರ್ಜರಿಗೂ ತಿರುಗಿಕೊಂಡಿದ್ದವು. ಅಪ್ಪಂದಿರು ಫೋನಿನಲ್ಲೇ ಆರ್ಡರ್ ಮಾಡಿ, ಬೆಸುಗೆಯೇ ಬೇಡದ, ಸಿಕ್ಕಿಸಿದರೆ ಸಾಕೆನ್ನುವ ಕಿಟ್‌ಗಳನ್ನು ತರಿಸಲು ಶುರುಮಾಡಿದ್ದರು. ಸಾಹೇಬ್ರ ಕಿಟ್ ಇನ್ನೂ ಉಸಿರಾಡುತ್ತಿದ್ದದ್ದು ನನ್ನಂಥ ನಾಲ್ಕೈದು ಟೀಚರುಗಳಿಂದ. ಪ್ರತಿ ವರ್ಷ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾನು ಅವರಲ್ಲೇ ಇಪ್ಪತ್ತು ಕಿಟ್‌ಗೆ ಆರ್ಡರ್ ಹೇಳುತ್ತಿದ್ದೆ.

ಆ ವರ್ಷ ಹೇಳಿದ್ದು ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ. ಸಾಹೇಬ್ರು ಎಂದಿನ ಪ್ಲಾಸ್ಟಿಕ್ ಟ್ರಾನ್ಸಿಸ್ಟರ್ ಬಿಟ್ಟು, ತಮ್ಮ ಹಳೆಯ ದಾಸ್ತಾನಿನಿಂದ ಲೋಹದ ಪುಟ್ಟ ಡಬ್ಬಿಯಂಥದನ್ನು ಹಾಕಿದ್ದರು. ಮಕ್ಕಳ ಕೈ ನಿಧಾನ, ಇದಾದರೆ ಬಿಸಿ ತಡೆಯುತ್ತದೆ ಎಂದು ಹೇಳಿದ್ದು ನೆನಪಿದೆ. ಹಾಳೆಯಲ್ಲಿ ಅದರ ಮೂರು ಕಾಲುಗಳ ಚಿತ್ರವಿತ್ತು. ಕೆಳಗೆ, ಡಬ್ಬಿಯನ್ನ ಅಂಗೈ ಮೇಲೆ ಅಂಗಾತ ಮಲಗಿಸಿ, ಕಾಲು ಆಕಾಶ ನೋಡ್ಬೇಕು, ಆಮೇಲೆ ಚಿತ್ರ ನೋಡಿ ಎಂದು ಬರೆದಿದ್ದರು.

ನನಗೆ ಆ ಹಾಳೆ ಸರಿಬರಲಿಲ್ಲ. ಪ್ರದರ್ಶನಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು. ಮೇಜಿನ ಮೇಲೆ ಈ ಚಾ ಕುಡಿಯುವ ಮಾತು, ಆಕಾಶ ನೋಡುವ ಮಾತು ಇಟ್ಟರೆ ಮರ್ಯಾದೆ ಏನು ಉಳಿಯಿತು? ಹಾಗಾಗಿ ಇಡೀ ಹಾಳೆಯನ್ನು ಪಠ್ಯಪುಸ್ತಕದ ಭಾಷೆಯಲ್ಲಿ ನಾನೇ ಹೊಸದಾಗಿ, ಸ್ಕೇಲಿಟ್ಟು ಗೆರೆ ಎಳೆದು ಬರೆದು ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿದೆ. ಕಾಲುಗಳ ಚಿತ್ರವನ್ನು ಚಂದವಾಗಿ ಬಿಡಿಸಿದೆ. ಆಕಾಶದ ಸಾಲನ್ನು ಹುಡುಗಾಟವೆಂದು ಬಿಟ್ಟುಬಿಟ್ಟೆ.

ಮಕ್ಕಳು ಮನೆಯಲ್ಲಿ ಬೆಸುಗೆ ಹಾಕಿ ತಂದ ಅಲಾರಂಗಳಿಗೆ ಬ್ಯಾಟರಿ ಹಾಕಿದ್ದು ಪ್ರದರ್ಶನದ ದಿನವೇ. ಒಂದೂ ಕೂಗಲಿಲ್ಲ. ಇಪ್ಪತ್ತು ಮಕ್ಕಳಲ್ಲಿ ಒಬ್ಬಳಿಗೆ ಜ್ವರ, ಬಂದಿರಲಿಲ್ಲ. ಉಳಿದ ಹತ್ತೊಂಬತ್ತು ಮಕ್ಕಳು ತಂತಿಯನ್ನು ಲೋಟದ ನೀರಿಗೆ ಅದ್ದಿ ಅದ್ದಿ ತೆಗೆದರು. ಅಧಿಕಾರಿ ನಕ್ಕರು. ಹೆಡ್‌ಮೇಡಂ ನನ್ನ ಮುಖ ನೋಡಿದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮಕ್ಕಳೂ ತಂದೆತಾಯಿಯರೂ ಕೇಳುವ ಹಾಗೆ, "ಮಕ್ಕಳದ್ದೇನೂ ತಪ್ಪಿಲ್ಲ ಸರ್. ಅಂಗಡಿಯವರು ಡೂಪ್ಲಿಕೇಟ್ ಮಾಲು ಕೊಟ್ಟಿದಾರೆ" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುವವರಿಗೆ ಅದು ತಮ್ಮ ಮೇಲೇ ಬಂದಾಗ ಗುರುತು ಸಿಗುವುದಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಶನಿವಾರ ಮಧ್ಯಾಹ್ನ ಆ ಹತ್ತೊಂಬತ್ತು ಬೋರ್ಡುಗಳನ್ನು ಚೀಲಕ್ಕೆ ತುಂಬಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಜೊತೆಗೆ ಬೇರೆ ಶಾಲೆಯ ಇಬ್ಬರು ವಿಜ್ಞಾನ ಟೀಚರುಗಳನ್ನೂ ಕರೆದುಕೊಂಡೆ, ಸಾಕ್ಷಿಗೆ. ಅವರೂ ಸಾಹೇಬ್ರಲ್ಲೇ ಕಿಟ್ ಕೊಳ್ಳುತ್ತಿದ್ದವರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ಚೀಲವನ್ನು ಕೌಂಟರಿನ ಮೇಲೆ ಸುರಿದು, ಮಕ್ಕಳ ಕಣ್ಣಲ್ಲಿ ನೀರು ಹಾಕಿಸಿದ್ರಿ, ಈ ವಯಸ್ಸಲ್ಲಿ ಇದು ನಿಮಗೆ ಶೋಭೆಯಾ ಎಂದೆಲ್ಲ ಕೇಳಿದೆ.

ಸಾಹೇಬ್ರು ಒಂದು ಬೋರ್ಡನ್ನು ಎತ್ತಿಕೊಂಡರು. ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನೂ ನನ್ನ ಜೊತೆಯ ಇಬ್ಬರನ್ನೂ ಒಂದು ಸಲ ನೋಡಿ, "ನನ್ ಕಡೆಯಿಂದ್ಲೇ ಏನೋ ಆಗಿರ್ಬೇಕು ಟೀಚರಮ್ಮ, ಇಟ್ಟು ಹೋಗಿ" ಎಂದರು. ನಾನು ಗೆದ್ದವಳ ಹಾಗೆ ಮೆಟ್ಟಿಲಿಳಿದೆ. ಮುಂದಿನ ವರ್ಷದಿಂದ ನಾವು ಮೂವರೂ ಆನ್‌ಲೈನಿನಲ್ಲೇ ತರಿಸಿದೆವು. ಸಾಹೇಬ್ರು ಕಿಟ್ ಮಾಡುವುದನ್ನು ನಿಲ್ಲಿಸಿದರೆಂದು ಯಾರೋ ಹೇಳಿದರು. ಕಾಲವೇ ಹಾಗೆ, ನಿಲ್ಲಿಸದೆ ಏನು ಮಾಡುತ್ತಾರೆ ಎಂದೆ ನಾನು.

ಎರಡು ವರ್ಷದ ಮೇಲೆ ಒಂದು ಭಾನುವಾರ ನಮ್ಮ ಮನೆಯ ಟ್ಯಾಂಕ್ ತುಂಬಿ ಹರಿದು ಪಕ್ಕದ ಮನೆಯವರ ಒಣಹಾಕಿದ ಬಟ್ಟೆಗಳೆಲ್ಲ ತೊಯ್ದವು. ಆಗ ನನಗೆ ಆ ಜ್ವರದ ಹುಡುಗಿಯ ಬೋರ್ಡು ನೆನಪಾಯಿತು. ಅವಳು ಅದನ್ನು ತಡವಾಗಿ ತಂದುಕೊಟ್ಟಿದ್ದಳು, ನನ್ನ ಕಪಾಟಿನಲ್ಲೇ ಬಿದ್ದಿತ್ತು. ಡೂಪ್ಲಿಕೇಟ್ ಟ್ರಾನ್ಸಿಸ್ಟರ್ ಕಿತ್ತು ಒಳ್ಳೆಯದನ್ನು ಹಾಕೋಣವೆಂದು ಅದರ ನಂಬರನ್ನು ಫೋನಿನಲ್ಲಿ ಹುಡುಕಿದೆ. ಮೂರು ಕಾಲುಗಳ ಚಿತ್ರ ಬಂತು. ಪಕ್ಕದಲ್ಲೇ, ಇದು ಕೆಳಗಿನಿಂದ ನೋಡಿದ ಚಿತ್ರ ಎಂದಿತ್ತು. ನಾನು ಬಿಟ್ಟ ಆಕಾಶದ ಸಾಲು ಹೇಳಿದ್ದೂ ಇದನ್ನೇ. ಮೇಲಿನಿಂದ ನೋಡಿ ಜೋಡಿಸಿದರೆ ಎಡದ ಕಾಲು ಬಲಕ್ಕೆ ಹೋಗುತ್ತದೆ, ಬಲದ್ದು ಎಡಕ್ಕೆ. ನನ್ನ ಹಾಳೆ ನಂಬಿದ ಇಪ್ಪತ್ತು ಮಕ್ಕಳೂ ಹಾಗೆಯೇ ಜೋಡಿಸಿದ್ದರು.

ಅದೇ ಟ್ರಾನ್ಸಿಸ್ಟರನ್ನು ಬಿಡಿಸಿ, ತಿರುಗಿಸಿ, ಮತ್ತೆ ಬೆಸುಗೆ ಹಾಕಿದೆ. ಕೂಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ, ನಿಜ ಹೇಳುತ್ತೇನೆ. ತಂತಿಯನ್ನು ಲೋಟದ ನೀರಿಗೆ ಅದ್ದಿದ್ದೇ ತಡ, ಅದು ಮನೆಯೆಲ್ಲ ಕೇಳುವಂತೆ ಕೂಗಿಕೊಂಡಿತು. ಹಿತ್ತಲಿನಿಂದ ನನ್ನ ಗಂಡ ಮೋಟರ್ ಆಫ್ ಮಾಡಲೇ ಎಂದು ಕೇಳಿದರು. ನಾನು ತಂತಿಯನ್ನು ನೀರಿನಿಂದ ಎತ್ತಿದೆ.

ನಾಳೆಯೇ ಹೋಗಿ ತಪ್ಪಾಯಿತು ಎನ್ನಬೇಕೆಂದುಕೊಂಡೆ. ನಾಳೆ ಪರೀಕ್ಷೆ ಬಂತು, ಆಮೇಲೆ ಮದುವೆಯೊಂದು ಬಂತು, ಆಮೇಲೆ ಮಂಡಿನೋವು. ಸಬೂಬಿಗೇನು ಬರವೇ? ಶಿವಮೊಗ್ಗಕ್ಕೆ ಹೋದರೆ ಆ ಓಣಿ ತಪ್ಪಿಸಿ ಸುತ್ತಿ ಬರುತ್ತಿದ್ದೆ. ಹೀಗೇ ಆರು ವರ್ಷ ಹೋಯಿತು, ನಾನು ನಿವೃತ್ತಳೂ ಆದೆ. ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನನಗೆ ಸನ್ಮಾನ ಮಾಡಿದರು. ಸುಳ್ಳು ಹೇಳಬಾರದೆಂದು ಕಲಿಸಿದ ಗುರು ಎಂದು ಒಬ್ಬ ಮೈಕಿನಲ್ಲಿ ಹೇಳಿದ. ಎರಡು ದಿನ ಬಿಟ್ಟು ಶಿವಮೊಗ್ಗಕ್ಕೆ ಹೊರಟೆ.

ಅಂಗಡಿ ಈಗ ಮಗನದು. ಗೋಡೆಯ ತುಂಬ ಮೊಬೈಲ್ ಕವರ್, ಇಯರ್‌ಫೋನ್. ಸಾಹೇಬ್ರು ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ತುಂಬ ಇಳಿದುಹೋಗಿದ್ದರು. ಗುರುತು ಹಿಡಿದು, ಮಗನಿಗೆ ಹೇಳಿ ಚಾ ತರಿಸಿದರು. ಚಾ ಮುಟ್ಟುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹಾಳೆ ಬದಲಾಯಿಸಿದ್ದು ನಾನು, ಆ ಸಾಲು ಬಿಟ್ಟದ್ದು ನಾನು, ನಿಮ್ಮ ಮಾಲಿನಲ್ಲಿ ಏನೂ ಐಬಿರಲಿಲ್ಲ ಎಂದೆ.

"ಗೊತ್ತು ಟೀಚರಮ್ಮ. ಬೋರ್ಡ್ ನೋಡಿದ ಕೂಡ್ಲೇ ಗೊತ್ತಾಯ್ತು" ಎಂದರು ಅವರು.

ಹಾಗಾದರೆ ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಜೊತೆಗೆ ಇಬ್ಬರು ಟೀಚರ್ ಇದ್ರು. ಅವರ ಎದುರಿಗೆ ನಿಮ್ಗೆ ಹೆಂಗೆ ಹೇಳೋದು? ಮನೆಗೆ ಹೋಗಿ ನೋಡ್ತಾರೆ, ಅವರೇ ಬರ್ತಾರೆ ಅಂದ್ಕೊಂಡೆ. ಮುಂದಿನ ವರ್ಷಕ್ಕೆ ಅಂತ ಇಪ್ಪತ್ತು ಕಿಟ್ ಮಾಡಿಟ್ಟಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಅವರು ಚಾ ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ, ಕೋಪವೇನೂ ಇಲ್ಲದ ದನಿಯಲ್ಲಿ, "ನಂಗೆ ಹೇಳಿದ್ರಿ, ಆಯ್ತು. ಆ ಮಕ್ಕಳಿಗೆ ಹೇಳಿದ್ರಾ?" ಎಂದು ಕೇಳಿದರು.

ಇಲ್ಲ ಎಂದೆ.

ವಾಪಸ್ ಬರುವಾಗ ಬಸ್ಸು ಮಲವಗೊಪ್ಪ ದಾಟುವ ಮೊದಲೇ ಫೋನ್ ತೆಗೆದೆ. ಆ ಬ್ಯಾಚಿನ ಮಕ್ಕಳು ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡು ನನ್ನನ್ನೂ ಸೇರಿಸಿದ್ದಾರೆ. ಅದರಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು, ಅಂಗಡಿಯವರು ಮೋಸ ಮಾಡಲಿಲ್ಲ, ತಪ್ಪು ನನ್ನದು ಎಂದು ಕಳಿಸಿದೆ. ಅಯ್ಯೋ ಮೇಡಂ, ಅದೆಲ್ಲ ಯಾರಿಗೆ ನೆನಪಿದೆ ಎಂದು ಒಬ್ಬ ನಗುವ ಮುಖ ಹಾಕಿದ. ಇನ್ನಿಬ್ಬರು ಕೈಮುಗಿದರು. ಮಾಚೇನಹಳ್ಳಿಯ ಹತ್ತಿರ ಮತ್ತೊಂದು ಉತ್ತರ ಬಂತು. ಬರೆದವಳು ಟಿ.ವಿ. ರಿಪೇರಿಯವರ ಮಗಳು, ಈಗ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ.

"ಅಪ್ಪ ಮೊದಲಿಂದ ಸಾಮಾನು ಸಾಹೇಬ್ರ ಹತ್ರಾನೇ ತರ್ತಿದ್ರು ಮೇಡಂ. ಅವರು ಅಂಥವರಲ್ಲ ಅಂತ ಎಷ್ಟೋ ಸಲ ಹೇಳಿದ್ರು. ನಮ್ಮ ಮೇಡಂ ಸುಳ್ಳು ಹೇಳಲ್ಲ ಅಂತ ನಾನೇ ಜಗಳ ಮಾಡಿ ಅಲ್ಲಿಗೆ ಹೋಗೋದು ಬಿಡಿಸಿದೆ. ಅಪ್ಪ ತೀರಿಹೋಗಿ ಎರಡು ವರ್ಷ ಆಯ್ತು. ಈಗ ಅಪ್ಪನಿಗೆ ನಾನು ಹೆಂಗೆ ಹೇಳ್ಲಿ?"