ಒಂದು ಮನೆಗೆ ಒಂದೇ ಡಬ್ಬಿ

ನನಗೂ ನನ್ನ ಹೆಂಡತಿ ಸುಶೀಲಾಗೂ ನಟನೆ ಬರುವುದಿಲ್ಲ. ಅಮೀರ್‌ಪೇಟ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ಅದು ನಾಲ್ಕು ಜನರೆದುರು ಸಾಬೀತಾಯಿತು. ಬರದಿದ್ದದ್ದೇ ಒಳ್ಳೆಯದಾಯಿತು ಅನ್ನಿ.

ದೀಪಾವಳಿ ಹತ್ತಿರ ಬಂದಿತ್ತು. ಕರಿಯುವ ಎಣ್ಣೆಯ ದೊಡ್ಡ ಡಬ್ಬಿಗೆ ಭಾರಿ ರಿಯಾಯಿತಿ. ಜೊತೆಗೊಂದು ಬೋರ್ಡು: ಒಂದು ಮನೆಗೆ ಒಂದೇ ಡಬ್ಬಿ. ಅಪರಿಗ್ರಹ ಸಾಧಿಸಲು ಹಿಂದಿನವರು ಗುಡ್ಡ ಹತ್ತಿ ತಪಸ್ಸು ಮಾಡುತ್ತಿದ್ದರು. ಈ ಅಂಗಡಿಯವರು ಒಂದು ರಟ್ಟಿನ ತುಂಡಿನಲ್ಲಿ ಮುಗಿಸಿದ್ದರು. ನಮಗೋ ಎರಡು ಬೇಕು. ಅಪರಿಚಿತರಂತೆ ನಿಂತು ಒಂದೊಂದು ಕೊಳ್ಳುವುದೆಂದು ಮನೆಯಲ್ಲೇ ಠರಾಯಿಸಿಕೊಂಡು ಹೋಗಿದ್ದೆವು.

ಪ್ರತಿವರ್ಷ ಸುಶೀಲಾ ಎದುರು ಮನೆಯ ವಿಮಲಾಬಾಯಿಯವರ ಜೊತೆ ಕೂತೇ ಚಕ್ಕಲಿ ಕರಿಯುತ್ತಿದ್ದಳು. ಆ ವರ್ಷದ ಬೇಸಿಗೆಯಲ್ಲಿ ನಲ್ಲಿ ನೀರನ್ನೆಲ್ಲ ನಮ್ಮ ಮೋಟರ್ ಎಳೆಯುತ್ತದೆ ಎಂದು ಮಾತಿಗೆ ಮಾತು ಬೆಳೆದು, ಎರಡೂ ಮನೆಗಳ ನಡುವೆ ಮಾತೇ ನಿಂತಿತ್ತು. "ಅವರಿಲ್ಲದ ನನಗ ಚಕ್ಕಲಿ ಬರಂಗಿಲ್ಲೇನು?" ಎನ್ನುತ್ತಿದ್ದಳು ಸುಶೀಲಾ. ಅನ್ನುವಾಗೆಲ್ಲ ಕಣ್ಣು ಎದುರು ಮನೆಯ ಬಾಗಿಲ ಮೇಲೇ ಇರುತ್ತಿತ್ತು. ನನಗೆ ಪಾಪ ಅನಿಸುತ್ತಿತ್ತು.

ಬಿಲ್ಲಿನ ಸಾಲಿನಲ್ಲಿ ಅವಳು ಮುಂದೆ, ನಾನು ಹಿಂದೆ. ಟ್ಯೂಬ್‌ಲೈಟ್ ನೋಡುತ್ತ ಒಂಟಿ ಮನುಷ್ಯನಂತೆ ನಿಂತಿದ್ದೆ. ಇವಳು ಥಟ್ಟನೆ ತಿರುಗಿ, "ರೀ, ಬಿಪಿ ಗುಳಿಗಿ ತಗೊಂಡ್ರೋ ಇಲ್ಲೋ?" ಎಂದಳು. ನಾನೂ ರೂಢಿಯಂತೆ, "ತಗೊಂಡೀನಿ" ಎಂದೆ.

ಬಿಲ್ಲಿನ ಹುಡುಗಿ ನಗು ತಡೆಯಲಾರದೆ, "ಅಂಕಲ್, ಏಕ್ ಘರ್ ಕೋ ಏಕೀಚ್!" ಎಂದು ನನ್ನ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಸಾಲೆಲ್ಲ ನಕ್ಕಿತು. ಬೆನ್ನ ಹಿಂದಿನ ಒಂದು ನಗು ಮಾತ್ರ ಚೆನ್ನಾಗಿ ಗುರುತಿನದು. ನೋಡಿದರೆ ವಿಮಲಾಬಾಯಿ!

"ಇಲ್ಲಿ ತರ್ರಿ ಆ ಡಬ್ಬಿ," ಎಂದರು. "ನಾನರ ಬ್ಯಾರೆ ಮನಿಯಾಕಿ ಅದೀನಲ್ಲ."

ಸುಶೀಲಾ ತಲೆ ತಗ್ಗಿಸಿದಳು. ತನ್ನ ಡಬ್ಬಿಯ ದುಡ್ಡು ಕೊಟ್ಟು ಸರಸರ ಹೊರಗೆ ನಡೆದಳು.

ಸಂಜೆ ಬಾಗಿಲಲ್ಲಿ ಡಬ್ಬಿ ಹಿಡಿದು ವಿಮಲಾಬಾಯಿ ನಿಂತಿದ್ದರು. ಸುಶೀಲಾ ಕೈ ಚಾಚಿದರೆ ಕೊಡಲೊಲ್ಲರು. "ಕೊಟ್ಟು ಹೋಗಾಕ ಬಂದಿಲ್ರಿ. ಹಿಟ್ಟೆಲ್ಲಿ ಐತಿ?" ಎನ್ನುತ್ತ ಸೀದಾ ಅಡಿಗೆಮನೆಗೆ ನಡೆದರು. ಒಳಗಿನಿಂದ ಅಳುವೋ ನಗುವೋ, ಎರಡೂ ಕೇಳಿದವು. ಆ ಬೋರ್ಡು ಬರೆಸಿದವನು ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಎರಡು ಡಬ್ಬಿ ಸಿಕ್ಕಿದ್ದರೆ ಹೊತ್ತುಕೊಂಡು ನೆಟ್ಟಗೆ ಮನೆಗೆ ಬರುತ್ತಿದ್ದೆವು, ಅಷ್ಟೇ.

ಮುಂದಿನ ವರ್ಷ ಅಂಗಡಿಯವರು ಆ ಬೋರ್ಡು ತೆಗೆದರು. ಎಷ್ಟು ಬೇಕಾದರೂ ಒಯ್ಯಬಹುದು ಎಂದು ಸುಶೀಲಾಗೆ ನಾನೇ ಹೇಳಿದೆ. ನಾನು ಚೀಲ ಹಿಡಿದು ಹೊರಟೆ. ಸುಶೀಲಾ ಆಗಲೇ ಎದುರು ಮನೆಯ ಕದ ತಟ್ಟುತ್ತಿದ್ದಳು.

"ವಿಮಲಾಬಾಯಿ, ಜಲ್ದಿ ಬರ್ರಿ. ನಮಗ ಒಂದೇ ಡಬ್ಬಿ ಕೊಡ್ತಾರ."