ಹಬೆಯೊಳಗೆ ಸಿಕ್ಕ ಮುಖಗಳು

ಸಿರುಗುಪ್ಪದ ಹೊರಗಿನ ಒಂದು ಅಕ್ಕಿ ಗಿರಣಿ. ಇನ್ನೂ ಬಿಸಿಲು ಹುಟ್ಟಿಲ್ಲ. ಬೇಯಿಸಿದ ಭತ್ತವನ್ನು ಗಚ್ಚಿನ ಕಣಕ್ಕೆ ಸುರಿದಂತೆಲ್ಲ ಹಬೆ ಎದ್ದು, ಮೋಡವೊಂದು ದಾರಿ ತಪ್ಪಿ ಇಲ್ಲಿ ಬಂದು ಕೂತಂತೆ ಕಾಣುತ್ತದೆ. ಅದರೊಳಗೆ ಏಳು ಹೆಂಗಸರು ಕಾಲಿನಿಂದ ಭತ್ತ ಹರಡುತ್ತಾ ನಿಧಾನವಾಗಿ ಹೋಗುತ್ತಾರೆ, ಬರುತ್ತಾರೆ. ಎದುರಿಗೆ, ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಕೊರಳಿಗೆ ಹಳೆಯ ರೀಲು ಕ್ಯಾಮೆರಾ ಹಾಕಿಕೊಂಡು ಗಾದಿಲಿಂಗ ನಿಂತಿದ್ದಾರೆ. ಕಾಳಿರುವ ಕಡೆ ಚಪ್ಪಲಿ ಮೆಟ್ಟಬಾರದೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಈ ಕಣಕ್ಕೆ ಇದು ಕೊನೆಯ ಬೆಳಗು. ನಾಳೆಯಿಂದ ಭತ್ತ ಒಣಗಿಸಲು ಯಂತ್ರ ಬರುತ್ತದೆ. ಇಷ್ಟು ವರ್ಷ ಜೊತೆಯಲ್ಲಿ ನಡೆದ ಏಳು ಜನ ಒಂದೊಂದು ದಿಕ್ಕು ಹಿಡಿಯುತ್ತಾರೆ. ಹೋಗುವ ಮುಂಚೆ ಎಲ್ಲರದೂ ಒಂದು ಫೋಟೋ ಬೇಕು, ಅದೂ ಕೆಲಸದಲ್ಲಿರುವಾಗಲೇ ಬೇಕು ಎಂಬುದು ಅವರ ಆಸೆ. ಫೋನಿನಲ್ಲಿ ಎಷ್ಟೋ ಸಲ ತೆಗೆದು ನೋಡಿದ್ದಾರೆ. ಅವರಲ್ಲೊಬ್ಬರಾದ ನೀಲಾವತಿ, ಗಾದಿಲಿಂಗರ ಜೊತೆ ಬಂದ ನನಗೆ ತಮ್ಮ ಫೋನು ತೋರಿಸುತ್ತಾರೆ: ಬೆಳ್ಳಗೆ ಉರಿಯುವ ಹಬೆ, ಅದರ ಮುಂದೆ ಏಳು ಕಪ್ಪು ಆಕಾರ. "ಇದರಾಗ ನಾನು ಯಾರು ಹೇಳ್ರಿ ನೋಡೋಣು," ಎನ್ನುತ್ತಾರೆ. ಎತ್ತರದ ಆಕಾರ ತನ್ನದೆಂದು ಇಬ್ಬರು ಜಗಳಾಡಿ, ಒಂದು ದಿನ ಮಾತು ಬಿಟ್ಟಿದ್ದರಂತೆ.

ಗಾದಿಲಿಂಗ ಕುರುಗೋಡಿನವರು. ಮನೆಯವರೆಲ್ಲ ಕಲ್ಲು ಒಡೆಯುವವರು. ಹುಡುಗನಾಗಿದ್ದಾಗ ಬಂಡೆಯ ಮೇಲಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬಂಡೆಯ ಸಂದಿಯ ಕತ್ತಲಲ್ಲಿ ಕೂತ ತಾಯಿಯ ಮುಖ ಹುಡುಕುತ್ತಿದ್ದುದು ಅವರಿಗೆ ನೆನಪಿದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಸೋದರಮಾವನ ಸ್ಟುಡಿಯೋ ಇತ್ತು. ಅಲ್ಲಿ ಕಸ ಗುಡಿಸುತ್ತಲೇ ಕೆಲಸ ಕಲಿತರು. ಈಗ ಮದುವೆಗಳಿಗೆ ಇವರನ್ನು ಕರೆಯುವವರಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೋ, ಶಾಲೆಯ ಗುರುತಿನ ಚೀಟಿ, ಇವೇ ಅನ್ನ ಹಾಕುತ್ತವೆ. ಅವಕ್ಕೆಲ್ಲ ಡಿಜಿಟಲ್ ಕ್ಯಾಮೆರಾ ಇದೆ. ಆದರೂ ತಿಂಗಳಿಗೆ ಒಂದೆರಡು ಕಲರ್ ರೀಲು ತರಿಸುತ್ತಾರೆ. ಬಳ್ಳಾರಿಯ ಸೆಕೆಗೆ ಕೆಡದಿರಲೆಂದು ಅವು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಮಲಗಿರುತ್ತವೆ. "ಬೆಣ್ಣಿ ಇಡಾಕ ಜಾಗ ಇಲ್ರಿ, ಇವರ ರೀಲಿಗೆ ಮಾತ್ರ ಐತಿ," ಎಂದು ಹೆಂಡತಿ ಶಶಿರೇಖಾ ಗೊಣಗುತ್ತಾರೆ. ಗೊಣಗುತ್ತಲೇ ಆ ರೀಲುಗಳಿಗೆ ತೇವ ತಾಗದಂತೆ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾರೆ.

ಬಿಸಿಲು ನೆರಳು ಎರಡೂ ಜೋರಾಗಿರುವ ಕಡೆಗೆ ರೀಲೇ ಯಾಕೆ ಎಂದು ಕೇಳಿದೆ. "ರೀಲು ಬಿಸಿಲಿಗೆ ಹೆದರಂಗಿಲ್ರಿ. ನೆರಳಿಗೆ ಹೆದರ್ತೈತಿ," ಎಂದರು. "ನೆರಳಿನ ಪಾಲು ಮೊದ್ಲು ಕೊಡಬೇಕು. ಬಿಸಿಲು ತನ್ನ ಪಾಲು ತಾನಽ ತಗೋತೈತಿ."

ಆದರೆ ಇಲ್ಲಿ ಬಂದು ನೋಡಿದರೆ ಕಣದ ಈಚೆಯ ಅರ್ಧ ತೊಯ್ದು ಹೊಳೆಯುತ್ತಿದೆ. ಫೋಟೋ ತೆಗೆಯಲು ಬರುವ ಅಣ್ಣನಿಗೆ ಧೂಳು ಹತ್ತಬಾರದೆಂದು ಹೆಂಗಸರು ನಸುಕಿನಲ್ಲೇ ನೀರು ಹೊಡೆದು ತೊಳೆದಿದ್ದಾರೆ, ಅಂಚಿಗೆ ರಂಗೋಲಿಯನ್ನೂ ಹಾಕಿದ್ದಾರೆ. ಗಾದಿಲಿಂಗ ಒಂದು ಗಳಿಗೆ ಆ ನೀರನ್ನು ನೋಡಿ, "ಭಾಳ ಚಂದ ಮಾಡೀರವ್ವ," ಎಂದಷ್ಟೇ ಹೇಳುತ್ತಾರೆ. ಆ ಅರ್ಧದಲ್ಲಿ ಒಣ ಭತ್ತ ಹರಡಿಸಬೇಕು, ಅದರ ಹೊಂಬಣ್ಣದ ಬೆಳಕು ಕೆಳಗಿನಿಂದ ಮುಖಗಳಿಗೆ ಬೀಳಬೇಕು ಎಂಬುದು ಅವರ ಲೆಕ್ಕವಾಗಿತ್ತು. ಹಸಿ ನೆಲಕ್ಕೆ ಒಣ ಕಾಳು ಸುರಿಯುವಂತಿಲ್ಲ. ಈಗ ಸೂರ್ಯ ಎದ್ದರೆ ನೀರು ಕನ್ನಡಿಯಂತೆ ಕಣ್ಣಿಗೆ ಹೊಡೆಯುತ್ತದೆ, ಮುಖಗಳು ಮತ್ತೆ ಕಪ್ಪಾಗುತ್ತವೆ. ಇದೆಲ್ಲವನ್ನೂ ಅವರು ನನಗೆ ಹೇಳಿದ್ದು ಹಿಂದಿರುಗುವಾಗ ಬಸ್ಸಿನಲ್ಲಿ. ಹೆಂಗಸರಿಗೆ ಹೇಳಲೇ ಇಲ್ಲ.

ಗೋಡೆಯ ಪಕ್ಕ ಅಕ್ಕಿ ತುಂಬುವ ಬಿಳಿ ಚೀಲಗಳ ರಾಶಿ ಇತ್ತು. ಗಾದಿಲಿಂಗ ಗಿರಣಿಯ ಮೇಸ್ತ್ರಿ ವಿರೂಪಾಕ್ಷಿಯವರ ಕಿವಿಯಲ್ಲಿ ಏನೋ ಹೇಳುತ್ತಾರೆ. ಹಮಾಲರು ಚೀಲಗಳ ಹೊಲಿಗೆ ಬಿಚ್ಚಿ, ಅಗಲಕ್ಕೆ ಹಿಡಿದು, ಕ್ಯಾಮೆರಾದ ಎರಡೂ ಬದಿಗೆ ಸೂರ್ಯ ಏಳುವ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. "ಇಷ್ಟ್ ದಿನ ಅಕ್ಕಿ ಹೊತ್ವಿ, ಇವತ್ತು ಬಿಸಿಲು ಹೊರಾಕ ಹಚ್ಯಾನ ನೋಡಲೇ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ. ನಗುತ್ತಲೇ ತೋಳು ಇನ್ನಷ್ಟು ಎತ್ತುತ್ತಾನೆ.

ಸೂರ್ಯ ಹಬೆಯ ಹಿಂದಿನಿಂದ ಏಳುತ್ತಾನೆ. ಕಣವೆಲ್ಲ ಒಮ್ಮೆಗೇ ಹಾಲಿನಲ್ಲಿ ಕುಂಕುಮ ಕದಡಿದ ಬಣ್ಣವಾಗುತ್ತದೆ. ಗಾದಿಲಿಂಗ ಹೆಂಗಸರ ಹತ್ತಿರ ಹೋಗಿ, ಒಪ್ಪಿಗೆ ಕೇಳಿ, ಒಬ್ಬೊಬ್ಬರ ಕೆನ್ನೆಯ ಪಕ್ಕ ಬೆಳಕು ಅಳೆಯುವ ಮೀಟರು ಹಿಡಿಯುತ್ತಾರೆ. ಎಲ್ಲರಿಗಿಂತ ಹಿರಿಯರಾದ ಮೂಕಮ್ಮ, ಜ್ವರ ನೋಡುತ್ತಾರೇನೋ ಎಂದುಕೊಂಡು ಬಾಯಿ ತೆರೆಯುತ್ತಾರೆ. ಉಳಿದವರೆಲ್ಲ ನಗುತ್ತಾರೆ. ಆ ನಗು ಅಡಗುವುದರೊಳಗೆ ಗಾದಿಲಿಂಗ ತಮ್ಮ ಜಾಗಕ್ಕೆ ಬಂದಿರುತ್ತಾರೆ. ಮೀಟರು ಹೇಳಿದ್ದಕ್ಕಿಂತ ಒಂದು ಹಿಡಿ ಬೆಳಕು ಹೆಚ್ಚಿಗೆ ಬಿಟ್ಟು, ನಡೆಯಿರಿ ಎನ್ನುತ್ತಾರೆ. ಚೀಲಗಳ ಬೆಳಕು ತಣ್ಣಗೆ ಮುಖಗಳ ಮೇಲೆ ಬೀಳುತ್ತದೆ. ಕ್ಯಾಮೆರಾ ಸದ್ದು ಮಾಡುತ್ತದೆ. ಗಾಳಿ ತಿರುಗಿ ಹಬೆ ಎಲ್ಲರನ್ನೂ ನುಂಗುತ್ತದೆ, ಮತ್ತೆ ಬಿಟ್ಟುಕೊಡುತ್ತದೆ. ಸೂರ್ಯ ಮೇಲೇರುವವರೆಗೆ ಹೀಗೇ.

ರೀಲು ತೊಳೆಯಲು ಚೆನ್ನೈಗೆ ಹೋಗಬೇಕು. ಬರುವವರೆಗೆ ಮುಖಗಳು ಬಿದ್ದಿವೆಯೋ ಇಲ್ಲವೋ ಯಾರಿಗೂ ತಿಳಿಯದು. ಕಣವಂತೂ ಮತ್ತೆ ಸಿಗದು. ಆ ದಿನಗಳಲ್ಲಿ ಗಾದಿಲಿಂಗ ಊಟಕ್ಕೆ ಕೂತವರು ಕೈ ತೊಳೆಯುವುದನ್ನೇ ಮರೆಯುತ್ತಿದ್ದರೆಂದು ಶಶಿರೇಖಾ ಹೇಳುತ್ತಾರೆ. "ನಂದು ತಪ್ಪಿದ್ರ ಅವರು ಬೈಯಂಗಿಲ್ರಿ. ನಮ್ಮ ಬಣ್ಣಾನಽ ಹಂಗ ಅಂತ ಸುಮ್ನಾಗ್ತಾರ. ಅದಽ ನನಗ ಆಗಬಾರ್ದಾಗಿತ್ತು," ಎನ್ನುತ್ತಾರೆ ಗಾದಿಲಿಂಗ.

ಫೋಟೋ ಬಂದಿದೆ. ಪ್ರತಿಯೊಂದನ್ನೂ ಅವರೇ ಮನೆಮನೆಗೆ ಹೋಗಿ ಕೊಡುತ್ತಿದ್ದಾರೆ. ತಮ್ಮ ಊರು ರಾರಾವಿಯಲ್ಲಿ ಮೂಕಮ್ಮ ಹೊಸಿಲ ಮೇಲೆ ಕೂತು, ಪೊರೆ ಬಂದ ಕಣ್ಣಿಗೆ ಫೋಟೋವನ್ನು ಹತ್ತಿರ ಹಿಡಿದು, ಬೆರಳಿನಿಂದ ಒಂದೊಂದೇ ಮುಖ ಮುಟ್ಟಿ ಹೆಸರು ಹೇಳುತ್ತಾರೆ. ಒಂದೂ ತಪ್ಪುವುದಿಲ್ಲ. ಅಂಚಿನಲ್ಲಿ ಅರ್ಧ ಹಬೆಯೊಳಗಿರುವ ಮುಖಕ್ಕೆ ಬಂದಾಗ ಗಾದಿಲಿಂಗ ಮುಂದಕ್ಕೆ ಬಾಗುತ್ತಾರೆ. "ಇದು ನಾನು," ಎನ್ನುತ್ತಾರೆ ಮೂಕಮ್ಮ. "ಗಾಳಿ ನನ್ನ ಕಡಿಗೇ ಬರ್ತಿತ್ತಪ್ಪ ಯಾವಾಗ್ಲೂ. ಬಣ್ಣಾನೂ ನಂದಽ ಐತಿ. ಬೆಳ್ಳಗ ಮಾಡಿಲ್ಲ."

ಮೊಮ್ಮಕ್ಕಳು ಓದಲೆಂದು ಫೋಟೋದ ಹಿಂದೆ ಎಲ್ಲರ ಹೆಸರು ಬರೆಯಲು ಹೇಳುತ್ತಾರೆ. ಗಾದಿಲಿಂಗ ಮಂಡಿಯ ಮೇಲಿಟ್ಟುಕೊಂಡು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ, ಪ್ರತಿ ಹೆಸರಿನ ಮುಂದೆ ಊರನ್ನೂ ಸೇರಿಸುತ್ತಾರೆ. ಬರೆದು ಮುಗಿಸಿ ಚೀಲದಿಂದ ತಮ್ಮ ಸ್ಟುಡಿಯೋದ ಸೀಲು ತೆಗೆದು, ಒತ್ತಲು ಜಾಗ ಹುಡುಕುತ್ತಾರೆ. ಎಲ್ಲಿಯೂ ಇಲ್ಲ. ನಾನು ನೋಡುತ್ತಿರುವುದು ಕಂಡು, ಸೀಲನ್ನು ಮತ್ತೆ ಚೀಲಕ್ಕೆ ಹಾಕುತ್ತಾರೆ.

"ತುಂಬೇತ್ರಿ," ಎನ್ನುತ್ತಾರೆ. "ಇದರಾಗ ಇರೋರು ಅವರಲ್ಲೇನ್ರಿ."