ಬಳುವಳಿ ಹಸುವಿನ ಪಾಲು

ಮಾದಿಹಳ್ಳಿಯಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡ ಎರಡಂಕಣದ ಮನೆಯಲ್ಲಿ ಈಗ ಗುರುಸಿದ್ದಮ್ಮ ಬಾಡಿಗೆಗಿದ್ದಾಳೆ. ತವರು ಬಾಣಾವರ. ಮದುವೆಯಾಗಿ ಬಂದಾಗ ಅವಳಪ್ಪ ಬಳುವಳಿಯೆಂದು ಒಂದು ಕೆಂದ ಹಸು ಕೊಟ್ಟು ಕಳಿಸಿದ್ದರು. ಅದು ಸತ್ತು ವರ್ಷಗಳಾದವು. ಅದರ ಮಗಳು, ಮೊಮ್ಮಗಳು ಎಂದು ಗಂಡನ ಕೊಟ್ಟಿಗೆಯಲ್ಲಿ ನಾಲ್ಕು ಹಸುಗಳಾದವು. ಸಗಣಿ ಬಾಚಿದವಳು, ಹುಲ್ಲು ಕೊಯ್ದವಳು, ಹಾಲು ಕರೆದು ಡೈರಿಗೆ ಹಾಕಿದವಳು ಅವಳು. ಗಂಡ ರೇವಣಸಿದ್ದಪ್ಪ ಬಟವಾಡೆಯ ದಿನ ಮಾತ್ರ ಡೈರಿಯ ದಾರಿ ಹಿಡಿಯುತ್ತಿದ್ದ. ಇದನ್ನು ಊರೇ ಕಂಡಿದೆ.

ಆ ಮಹಾರಾಯ ಅರಸೀಕೆರೆಯಲ್ಲಿ ಇನ್ನೊಂದು ಸಂಸಾರ ಹೂಡಿದ್ದು ಗೊತ್ತಾದ ಮೇಲೆ ಗುರುಸಿದ್ದಮ್ಮ ಅಳುತ್ತಾ ಕೂರಲಿಲ್ಲ. ಬೇಲೂರಿಗೆ ಹೋಗಿ ಹೇಮಲತಾ ಎಂಬ ವಕೀಲರನ್ನು ಕಂಡು, ಕಾನೂನು ಪ್ರಕಾರ ಬೇರೆ ಇರಲು ಅರ್ಜಿ ಹಾಕಿದಳು. ವಕೀಲರು ಮುಚ್ಚುಮರೆ ಮಾಡಲಿಲ್ಲ. ಮನೆ, ಜಮೀನು ಮಾವನ ಹೆಸರಿನಲ್ಲಿವೆ, ಅದರಲ್ಲಿ ನಿಮಗೆ ಪಾಲು ಬರುವುದಿಲ್ಲ; ಜೀವನಾಂಶ ಕೇಳಬಹುದು, ತವರಿನಿಂದ ಬಂದದ್ದು ಮಾತ್ರ ನಿಮ್ಮದೇ ಎಂದರು. ಇಪ್ಪತ್ತು ವರ್ಷ ಆ ಗದ್ದೆಯಲ್ಲಿ ನಾಟಿ ಹಾಕಿದವಳಿಗೆ ಒಂದು ಬದುವೂ ಇಲ್ಲ. ಇದು ಯಾವ ಸೀಮೆಯ ನ್ಯಾಯವೋ ನನಗಂತೂ ತಿಳಿಯದು. ಗುರುಸಿದ್ದಮ್ಮ ಹೇಳಿದ್ದು ಇಷ್ಟೇ: “ಹಂಗಾದ್ರೆ ಹಸ ಕೊಡ್ಸಿ. ಹಸ ಇದ್ರೆ ಬದುಕ್ತೀನಿ.”

ಕೋರ್ಟಿನ ತಾರೀಖು ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಊರ ಹಿರಿಯರು, ಹಸುವಿನ ವಿಷಯಕ್ಕೆ ಬೇಲೂರಿನ ತನಕ ಯಾಕೆ ಎಂದು ಇಬ್ಬರನ್ನೂ ಊರ ಯಜಮಾನ ಹನುಮಂತಯ್ಯನವರ ಜಗಲಿಗೆ ಕರೆಸಿದರು. ನಾನೂ ಹೋಗಿದ್ದೆ. ರೇವಣಸಿದ್ದಪ್ಪನ ವಾದ ಕೇಳಿ ಮೈ ಉರಿಯಿತು. ಬಳುವಳಿ ಹಸು ಸತ್ತಲ್ಲಿಗೆ ಇವಳ ಋಣ ತೀರಿತು, ಈಗಿರುವ ನಾಲ್ಕೂ ನನ್ನ ಕೊಟ್ಟಿಗೆಯಲ್ಲಿ ಹುಟ್ಟಿ ನನ್ನ ಗದ್ದೆಯ ಹುಲ್ಲು ತಿಂದವು, ಆದ್ದರಿಂದ ನನ್ನವು ಎಂದ. ಕೂತವರೆಲ್ಲ ಕೋಲೆ ಬಸವನ ಹಾಗೆ ತಲೆಯಾಡಿಸಿದರು.

ನಮ್ಮ ಕಡೆ ಹಸುವನ್ನು ಪಾಲಿಗೆ ಕೊಡುವುದುಂಟು. ಒಬ್ಬರ ಹಸುವನ್ನು ಇನ್ನೊಬ್ಬರು ಸಾಕಿದರೆ, ಹುಟ್ಟುವ ಕರುಗಳಲ್ಲಿ ಅರ್ಧ ಸಾಕಿದವರಿಗೆ. ಹನುಮಂತಯ್ಯನವರ ಹಸುವನ್ನು ಕೂಲಿಯ ಮಾರಮ್ಮ ಹಾಗೆಯೇ ಸಾಕಿದ್ದಳು. ಕಂಬ ಹಿಡಿದು ನಿಂತಿದ್ದ ಗುರುಸಿದ್ದಮ್ಮ ಅದನ್ನೇ ಎತ್ತಿದಳು.

“ನಿಮ್ಮ ಹಸ ಸಾಕಿದ್ದಕ್ಕೆ ಮಾರಮ್ಮಂಗೆ ಕರ ಕೊಟ್ರಲ್ಲ ಯಜಮಾನ್ರೇ. ನಮ್ಮಪ್ಪ ಕೊಟ್ಟ ಹಸನ ಸಾಕಿದ ನಂಗೆ ಯಾಕಿಲ್ಲ?”

ಹನುಮಂತಯ್ಯ ಗಂಟಲು ಸರಿಮಾಡಿಕೊಂಡರು. “ಅವಳು ಹೊರಗಿನೋಳು ಕಣಮ್ಮ. ನೀನು ಮನೆಯೋಳು. ಮನೆಯೋರು ಎಲ್ಲಾದ್ರೂ ಪಾಲು ಕೇಳ್ತಾರಾ?”

“ಹಂಗಾದ್ರೆ ನನ್ನೂ ಹೊರಗಿನೋಳು ಅಂದ್ಕಳಿ. ಪಾಲು ಕೊಡಿ.”

ಕೊನೆಗೆ ಪಾಲಿನ ಲೆಕ್ಕದಂತೆ ಎರಡು ಹಸು ಅವಳಿಗೆ, ಎರಡು ಅವನಿಗೆ ಎಂದು ತೀರ್ಮಾನವಾಯಿತು. ಹಿರಿಯರು ಅವಳ ಹಸುಗಳಲ್ಲಿ ಅರ್ಧವನ್ನು ಅವಳಿಗೇ ದಾನ ಮಾಡಿ, ಧರ್ಮರಾಯರ ಹಾಗೆ ಎದ್ದು ಪಂಚೆ ಕೊಡವಿಕೊಂಡರು. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಗುರುಸಿದ್ದಮ್ಮ ಮಾತ್ರ ಎರಡು ಹಸು ಹೊಡೆದುಕೊಂಡು ನಮ್ಮ ಹಿತ್ತಲಿಗೆ ಬಂದಳು. ಉಳಿದೆರಡನ್ನು ಕೋರ್ಟಿನಲ್ಲೇ ಕೇಳುತ್ತೇನೆ ಎಂದಳು.

ವಾರ ಕಳೆದಿರಲಿಲ್ಲ, ರೇವಣಸಿದ್ದಪ್ಪನ ತಂಗಿ ಸುವರ್ಣಮ್ಮ ಬಂದು ನಿಂತಳು. ಅಲ್ಲಿದ್ದ ಹಸುಗಳು ಅವನು ಕೈಯಿಟ್ಟರೆ ಒದೆಯುತ್ತವಂತೆ. ಹಾಲು ಇಳಿಸದೆ ಕೆಚ್ಚಲು ಬಾತುಕೊಂಡಿದೆಯಂತೆ. ಎಷ್ಟಾದರೂ ಮನೆಯವಳಲ್ಲವೇ, ಎರಡು ಹೊತ್ತು ಬಂದು ಕರೆದುಕೊಟ್ಟು ಹೋಗಲಿ ಎಂದು ಅಣ್ಣ ಹೇಳಿಕಳಿಸಿದ್ದ. ನಾಚಿಕೆಗೆಟ್ಟವರಿಗೆ ಊರೆಲ್ಲ ನೆಂಟರು.

ಗುರುಸಿದ್ದಮ್ಮ ತನ್ನ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಮನೆಯೋಳಿಗೆ ಏನೂ ಇಲ್ಲ ಅಂತ ಜಗಲೀಲಿ ಹೇಳಾಗೈತೆ ಕಣೇ ಸುವರ್ಣ. ಹೊರಗಿನೋಳು ಬೇಕಾದ್ರೆ ಹಸ ಇಲ್ಲಿಗೆ ಹೊಡ್ಕಂಡು ಬರಕ್ಕೇಳು. ಹುಟ್ಟೋ ಕರದಲ್ಲಿ ಅರ್ಧ ನಂದು.”

ಮಾರನೆಯ ಬೆಳಿಗ್ಗೆ ಎರಡೂ ಹಸು ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದವು. ಹಗ್ಗ ಹಿಡಿದಿದ್ದವನು ರೇವಣಸಿದ್ದಪ್ಪನೇ.